ನಾಲ್ಕು ದಿನ ಬಿಟ್ಟು ಬಂದವರಿಗೆ ಏನು ತೋರಿಸಬೇಕು?

ನಡಿಗೆ, ನಿದ್ದೆ, ಊಟದಂಥ ಅಭ್ಯಾಸಗಳನ್ನು ಸುಧಾರಿಸಿಕೊಳ್ಳಲು ನೆರವಾಗುವ ಕೋಚಿಂಗ್ ಆ್ಯಪ್‌ಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಹೊಸ ಆ್ಯಪ್ ಶುರುವಾದಾಗ ಎಲ್ಲರಿಗೂ ಹೋಮ್ ಸ್ಕ್ರೀನ್ ನೋಡುವ ಆತುರ. ನಾನು ಮೊದಲು ಕೂತು ಬರೆಯುವುದು ಬೇರೆಯದೇ ಸ್ಕ್ರೀನ್. ನಾಲ್ಕು ದಿನ ಆ್ಯಪ್ ಕಡೆ ತಲೆಯೇ ಹಾಕದವರು ಐದನೇ ದಿನ ತೆರೆದರೆ ಏನು ಕಾಣಬೇಕು ಅನ್ನುವುದು.

ಮೊದಲ ವಾರದ ಹುಮ್ಮಸ್ಸಿನಲ್ಲಿ ಯಾರು ಬೇಕಾದರೂ ನಡೆಯುತ್ತಾರೆ. ಆಮೇಲೆ ಜ್ವರ ಬರುತ್ತದೆ, ಕೆಲಸ ಜಾಸ್ತಿಯಾಗುತ್ತದೆ, ಮನೆಗೆ ನೆಂಟರು ಬರುತ್ತಾರೆ. ಆ್ಯಪ್‌ಗೆ ನಿಜವಾದ ಕೆಲಸ ಇರುವುದೇ ಆಗ.

ಆ ಸ್ಕ್ರೀನ್‌ನಲ್ಲಿ ನಾನು ಗ್ರಾಫ್ ಇಡುವುದಿಲ್ಲ, ಕೆಂಪು ಬಣ್ಣವೂ ಬೇಡ. 'ಮತ್ತೆ ಶುರು ಮಾಡೋಣ್ವಾ?' ಅನ್ನುವ ಒಂದು ಸಾಲು, ಕೆಳಗೆ ಮೂರು ಬಟನ್: 'ಹಳೇ ಗುರಿಯೇ ಇರಲಿ', 'ಸ್ವಲ್ಪ ಕಡಿಮೆ ಮಾಡಿ', 'ಈ ವಾರ ಬೇಡ'. ಮೂರನೆಯದಕ್ಕೆ ತಂಡದಲ್ಲಿ ಯಾವಾಗಲೂ ಜಗಳ. ಬಂದವರನ್ನು ನಾವೇ ಕಳಿಸಿದ ಹಾಗಾಗಲ್ವಾ ಅಂತ ಕೇಳುತ್ತಾರೆ. ನಾನು ಬಿಟ್ಟುಕೊಡುವುದಿಲ್ಲ. ಆ ಬಟನ್ ಒತ್ತಿದವರಿಗೆ ವಾರ ಪೂರ್ತಿ ಒಂದೂ ನೋಟಿಫಿಕೇಶನ್ ಹೋಗಬಾರದು. ಹೋದರೆ ಮುಂದೆ ಆ್ಯಪ್ ಹೇಳುವುದನ್ನು ಯಾರೂ ನಂಬುವುದಿಲ್ಲ.

ಸ್ಟ್ರೀಕ್ ಬಗ್ಗೆಯೂ ನನ್ನದು ಇದೇ ಹಟ. ಸತತ ಎಷ್ಟು ದಿನ ಅನ್ನುವ ಎಣಿಕೆ ಜನರನ್ನು ಎಳೆದು ತರುತ್ತದೆ, ಸುಳ್ಳಲ್ಲ. ಆದರೆ ಒಂದು ದಿನ ತಪ್ಪಿದರೆ ಅದು ಸೊನ್ನೆಗೆ ಬೀಳುತ್ತದೆ. ಇನ್ನೇನು ಉಳಿಯಿತು ಅಂತ ಜನ ಪೂರ್ತಿ ಕೈಬಿಡುವುದು ಅಲ್ಲೇ. ಅದರ ಬದಲು ಕಳೆದ 30 ದಿನಗಳಲ್ಲಿ ಎಷ್ಟು ದಿನ ಆಯಿತು ಅಂತ ತೋರಿಸುತ್ತೇನೆ. ಇವತ್ತು ತಪ್ಪಿದರೆ 23 ಇದ್ದದ್ದು 22 ಆಗಬಹುದು, ಅಷ್ಟೇ. ಇದಕ್ಕೆ ನನ್ನ ಹತ್ತಿರ ಆಧಾರವೂ ಇದೆ. ಲಂಡನ್‌ನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನವದು. ಆ 12 ವಾರಗಳ ಅಂಕಿಗಳಿಂದ ಮುಂದಕ್ಕೆ ಅಂದಾಜಿಸಿದ ಅವರ ಲೆಕ್ಕದಲ್ಲಿ ಅಭ್ಯಾಸ ಗಟ್ಟಿಯಾಗಲು ಬೇಕಾದ ಕಾಲ 18ರಿಂದ 254 ದಿನ, ನಡುವಿನ ಅಂಕಿ 66. ಒಮ್ಮೆ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. 21 ದಿನ ಸಾಕು ಅನ್ನುವ ಮಾತನ್ನು ಹಾಗಾಗಿ ನಮ್ಮ ಆ್ಯಪ್‌ಗಳಲ್ಲಿ ಎಲ್ಲೂ ಬರೆಯಲು ಬಿಡುವುದಿಲ್ಲ.

ಇನ್ನು ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ. ಇದು 1960ರ ದಶಕದಲ್ಲಿ ಜಪಾನ್‌ನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಹಬ್ಬಿದ ಅಂಕಿ. ಗಟ್ಟಿ ವೈದ್ಯಕೀಯ ಅಧ್ಯಯನದಿಂದ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಅಂತಲೂ ಸೇರಿಸಿದೆ. ನಾನು ಮೊದಲ ವಾರ ಗುರಿಯನ್ನೇ ಕೊಡುವುದಿಲ್ಲ, ಸುಮ್ನೆ ಅಳೆಯುತ್ತೇನೆ. ಆಮೇಲೆ ಅವರದೇ ಸರಾಸರಿಗೆ ಸ್ವಲ್ಪ ಸೇರಿಸುತ್ತೇನೆ.

ರಿಮೈಂಡರ್ ವಿಷಯಕ್ಕೆ ಬಂದರೆ, ಗಡಿಯಾರಕ್ಕಿಂತ ದಿನಾ ಮಾಡುವ ಕೆಲಸಕ್ಕೆ ಗಂಟು ಹಾಕುವುದು ಮೇಲು. 'ರಾತ್ರಿ ಊಟ ಆದ ಮೇಲೆ 10 ನಿಮಿಷ ನಡೆಯುತ್ತೇನೆ' ಅಂತ ಅವರ ಕೈಯಲ್ಲೇ ಬರೆಸುತ್ತೇನೆ. ಊಟ ಮುಗಿದದ್ದು ಫೋನಿಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಅಂದಾಜು ಹೊತ್ತನ್ನೂ ಕೇಳಿಟ್ಟುಕೊಳ್ಳುತ್ತೇವೆ. ಅಷ್ಟರೊಳಗೆ ನಡೆದಿದ್ದರೆ ರಿಮೈಂಡರ್ ಹೋಗಬಾರದು. ನಡೆಯುತ್ತಿರುವಾಗಲೇ 'ಏಳಿ, ನಡೆಯಿರಿ' ಅಂತ ಫೋನ್ ಗುಂಯ್‌ಗುಟ್ಟಿದರೆ ಎಂಥವರಿಗೂ ರೇಗುತ್ತದೆ. ಅಭ್ಯಾಸ ಕೂಡಿ ಬಂದ ಹಾಗೆ ರಿಮೈಂಡರ್‌ಗಳನ್ನೂ ಕಡಿಮೆ ಮಾಡುತ್ತಾ ಬರುತ್ತೇವೆ.

ಒಂದು ಕಡೆ ಮಾತ್ರ ಕೋಚ್ ಮಾತು ನಿಲ್ಲಲೇಬೇಕು. ಎದೆ ನೋವು, ತಲೆ ಸುತ್ತು ಅಂತ ಯಾರಾದರೂ ಟೈಪ್ ಮಾಡಿದರೆ ಹುರಿದುಂಬಿಸುವ ಮಾತು ಬೇಡ. ನಡಿಗೆ ನಿಲ್ಲಿಸಿ, ಕೂಡಲೇ ವೈದ್ಯಕೀಯ ನೆರವು ಪಡೆಯಿರಿ ಅಂತ ನೇರವಾಗಿ ಹೇಳಬೇಕು.

ಕೊನೆಗೆ ಅಳತೆಯ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಆ್ಯಪ್ ತೆರೆದರು ಅನ್ನುವುದಕ್ಕಿಂತ, ಬಿಟ್ಟು ಹೋದವರಲ್ಲಿ ಎಷ್ಟು ಜನ ವಾಪಸ್ ಬಂದರು ಅನ್ನುವುದನ್ನು ನಾನು ನೋಡುತ್ತೇನೆ. ರಿಮೈಂಡರ್ ಪೂರ್ತಿ ಆಫ್ ಮಾಡುವವರಿಗೆ ಕಾರಣ ಕೇಳುವ ಪಟ್ಟಿಯಲ್ಲಿ 'ಅಭ್ಯಾಸ ಆಯ್ತು, ಇನ್ನು ಬೇಡ' ಅನ್ನುವ ಆಯ್ಕೆಯನ್ನೂ ಇಡುತ್ತೇನೆ. ಮಾರ್ಕೆಟಿಂಗ್‌ನವರ ಲೆಕ್ಕದಲ್ಲಿ ಅವರು ಕಳೆದುಹೋದ ಗ್ರಾಹಕರು. ನನ್ನ ವರದಿಯಲ್ಲಿ ಅವರಿಗೆ ಬೇರೆಯೇ ಕಾಲಂ ಇದೆ.