ವರ್ಷಗಟ್ಟಲೆ ನಿಂತ ಮಾರುತಿ 800: ಕೀಲಿ ತಿರುಗಿಸುವ ಮುಂಚೆ

ನಮ್ಮ ಚಿಕ್ಕಪ್ಪನ 1995ರ ಮಾರುತಿ 800 ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಯಾರಿಗೋ ಹುರುಪು ಬಂತು. ಹೊಸ ಬ್ಯಾಟರಿ ತಂದರು, ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲ್ ಸುರಿದರು, ಸೆಲ್ಫ್ ಹೊಡೆದರು. ಸ್ಟಾರ್ಟ್ ಆಗಿಯೇ ಬಿಟ್ಟಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು, ಚಿಕ್ಕಪ್ಪನ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಕಾರು ಉಸಿರೆತ್ತಲಿಲ್ಲ. ಹಳೇ ಪೆಟ್ರೋಲಿನ ಅಂಟು ಇಂಜಿನ್ ಒಳಗೆ ಸೇರಿತ್ತು. ರಾತ್ರಿ ತಣ್ಣಗಾದಾಗ ಅದೇ ಅಂಟು ವಾಲ್ವ್‌ಗಳನ್ನು, ಅಂದರೆ ಇಂಜಿನ್ನಿಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ಬಾಗಿಲುಗಳನ್ನು, ಹಿಡಿದುಕೊಂಡಿತ್ತು. ಕೊನೆಗೆ ಇಂಜಿನ್ನಿನ ಮೇಲ್ಭಾಗವನ್ನೇ, ಅಂದರೆ ಹೆಡ್, ಇಳಿಸಬೇಕಾಯಿತು.

ಇದೇ ತಪ್ಪನ್ನು ಆಮೇಲೆ ಇನ್ನೂ ಮೂರ್ನಾಲ್ಕು ಮನೆಗಳಲ್ಲಿ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರು ಎಷ್ಟೋ ಮನೆಗಳ ಮೊದಲ ಕಾರು. ಮಾರಲು ಮನಸ್ಸಿಲ್ಲ, ಓಡಿಸಲು ಪುರುಸೊತ್ತಿಲ್ಲ, ಹಾಗೇ ನಿಂತುಬಿಟ್ಟಿರುತ್ತದೆ. 796 ಸಿಸಿಯ ಆ ಮೂರು ಸಿಲಿಂಡರಿನ ಇಂಜಿನ್ ಗಟ್ಟಿ ಜೀವ. ಆರೇಳು ವರ್ಷ ನಿಂತರೂ ಏಳುತ್ತದೆ. ನಾವು ಅವಸರ ಮಾಡಬಾರದು, ಅಷ್ಟೇ.

ಇಲ್ಲಿ ಹೇಳುವುದು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಕಾರಿನ ಬಗ್ಗೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಲು ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ ಇದ್ದರೆ ನಿಮ್ಮದೂ ಅದೇ.

ಮೊದಲು ಕೀಲಿ ಜೇಬಿನಲ್ಲಿರಲಿ

ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನೋಡಿ. ಏರ್ ಫಿಲ್ಟರಿನ ಮುಚ್ಚಳ ತೆಗೆಯಿರಿ. ಚಿಕ್ಕಪ್ಪನ ಕಾರಿನಲ್ಲಿ ಅದರೊಳಗೆ ತೆಂಗಿನ ನಾರು, ಸೀಟಿನ ಸ್ಪಂಜು, ಒಂದು ಬಸ್ ಟಿಕೆಟ್ ಸೇರಿಸಿ ಇಲಿ ಗೂಡು ಕಟ್ಟಿತ್ತು. ಇಲಿ ಬಂದಿದ್ದರೆ ವೈರ್ ಕಡಿದೇ ಇರುತ್ತದೆ. ಹಿಂದಿನ ಸೀಟಿನ ಅಡಿಯೂ ನೋಡಿ.

ಆಯಿಲ್, ಪ್ಲಗ್, ಒಂದು ರಾತ್ರಿ

ಹಳೇ ಇಂಜಿನ್ ಆಯಿಲ್ ಇಳಿಸಿ, ಫಿಲ್ಟರ್ ಸಮೇತ ಹೊಸದು ಹಾಕಿ. ದುಬಾರಿ ಆಯಿಲ್ ಬೇಡ. ಇನ್ನೊಂದು ತಿಂಗಳಲ್ಲಿ ಇದನ್ನೂ ಚೆಲ್ಲುವುದಿದೆ. "ಇಂಜಿನ್ ಫ್ಲಶ್" ಅಂತ ಮಾರುವ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ವರ್ಷಗಳ ಕೊಳೆ ಒಂದೇ ಸಲ ಎದ್ದು ಆಯಿಲ್ ಓಡುವ ದಾರಿಗೇ ಅಡ್ಡ ಬೀಳುತ್ತದೆ.

ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಇಂಜಿನ್ ಜೊತೆ ತಿರುಗುವ ಬೆಲ್ಟ್ ಚಕ್ರದ) ನಡುವಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಬಿಗಿ ಮಾಡುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಎರಡು ಪೂರ್ತಿ ಸುತ್ತು ಬಂದರೆ ಒಳ್ಳೆಯದು. ಎಲ್ಲಾದರೂ ಹಿಡಿದರೆ ಬಲ ಹಾಕಬೇಡಿ. ಇನ್ನಷ್ಟು ಆಯಿಲ್ ಬಿಟ್ಟು ಇನ್ನೆರಡು ದಿನ ಕಾಯಿರಿ. ತಳ್ಳಿ ಸ್ಟಾರ್ಟ್ ಮಾಡೋಣ ಅನ್ನುವವರನ್ನು ಕಾರಿನ ಹತ್ತಿರ ಬಿಡಬೇಡಿ.

ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್, ಬದಲಿಸಿ. ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ರಬ್ಬರ್ ನಿಂತಲ್ಲೇ ಹಳತಾಗುತ್ತದೆ.

ಪೆಟ್ರೋಲ್: ಎಲ್ಲರೂ ಎಡವುವುದು ಇಲ್ಲೇ

ಹಳೇ ಪೆಟ್ರೋಲಿಗೆ ಹೊಸದು ಬೆರೆಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ಪೆಟ್ರೋಲಿನಲ್ಲಿ ಹಗುರವಾದ ಅಂಶ ಮೊದಲು ಹಾರಿಹೋಗುತ್ತದೆ. ಉಳಿದದ್ದು ಗಾಳಿ ತಾಗಿ ತಾಗಿ ಅಂಟಾಗುತ್ತದೆ. ಎಥನಾಲ್ ಬೆರೆತಿದ್ದರೆ ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆ ನೀರು ತಳಕ್ಕಿಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಇದನ್ನು ಸರಿಮಾಡುತ್ತೇವೆ ಅನ್ನುವ ಬಾಟಲಿಗಳು ಅಂಗಡಿಯಲ್ಲಿವೆ. ಆ ದುಡ್ಡಿಗೆ ಹೊಸ ಪೈಪ್ ತನ್ನಿ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಬಯಲಿನಲ್ಲಿ, ಬ್ಯಾಟರಿ ಬಿಚ್ಚಿಟ್ಟು ಮಾಡಿ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ತೆಗೆದ ಪೆಟ್ರೋಲನ್ನು ಸ್ವಲ್ಪ ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಚಹಾದ ಬಣ್ಣ ಬಂದಿದ್ದರೆ, ಹಳೇ ಪೇಂಟಿನ ವಾಸನೆ ಹೊಡೆದರೆ, ಟ್ಯಾಂಕನ್ನೇ ಇಳಿಸಿ ತೊಳೆಸಬೇಕು. ತೊಳೆಯದೆ ಬಿಟ್ಟರೆ ತುಕ್ಕಿನ ಪುಡಿ ವಾರಕ್ಕೊಮ್ಮೆ ಫಿಲ್ಟರ್ ಕಟ್ಟಿಸುತ್ತದೆ, ನೀವು ವಾರಕ್ಕೊಮ್ಮೆ ದಾರಿಯಲ್ಲಿ ನಿಲ್ಲುತ್ತೀರಿ.

ರಬ್ಬರ್ ಪೈಪ್‌ಗಳನ್ನೆಲ್ಲ ಬದಲಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. 1995ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಮೀಟರ್ ಲೆಕ್ಕದಲ್ಲಿ ಕೊಡುವ ಅಗ್ಗದ ಪಾರದರ್ಶಕ ಪೈಪ್ ಬೇಡವೇ ಬೇಡ. ಇಂಜಿನ್ ಬಿಸಿಗೆ ಅದು ಮೊದಲು ಮೆದುವಾಗುತ್ತದೆ, ಆಮೇಲೆ ಕಲ್ಲಾಗಿ ಸೀಳುತ್ತದೆ. ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ತನ್ನಿ. ಫಿಲ್ಟರ್ ಕೂಡ ಹೊಸದಿರಲಿ.

ಇನ್ನು ಕಾರ್ಬೊರೇಟರ್. ಇದಕ್ಕೆ ಒಂದು ಪೂರ್ತಿ ಭಾನುವಾರ ಎತ್ತಿಡಿ.

ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಅದಕ್ಕೆ ಸಣ್ಣ ಸಣ್ಣ ಗಾಳಿ ಪೈಪ್‌ಗಳು ಬಹಳ ಇವೆ. ಒಂದು ಅದಲುಬದಲಾದರೂ ಗಾಡಿ ನಿಂತಾಗ ಇಂಜಿನ್ ಒಂದೇ ಸಮ ಓಡುವುದಿಲ್ಲ. ಪ್ರತಿ ಪೈಪಿಗೂ ಟೇಪ್ ಸುತ್ತಿ ನಂಬರ್ ಹಾಕಿ. ನೆನಪಿರುತ್ತದೆ ಅನ್ನಬೇಡಿ, ಇರುವುದಿಲ್ಲ.

ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಸಣ್ಣ ಡಬ್ಬಿ) ಇರುವ ಬಟ್ಟಲು ತೆರೆದಾಗ ಗಾಬರಿಯಾಗಬಹುದು. ನಾನು ತೆರೆದ ಒಂದರಲ್ಲಿ ತಳದ ತುಂಬ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ಉಗುರಿನಲ್ಲಿ ಕೆರೆದರೆ ಜಿಗುಟು. ಕಾರ್ಬೊರೇಟರ್ ಕ್ಲೀನರ್ ಹೊಡೆದು ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ. ಆದರೆ ಹೊಡೆಯುವ ಮುಂಚೆ ಡಯಾಫ್ರಮ್ ಅನ್ನುವ ತೆಳು ರಬ್ಬರ್ ಹಾಳೆಗಳನ್ನು ತೆಗೆದಿಡಿ. ಆ ಕ್ಲೀನರ್ ಅವನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳು ಹಿತ್ತಾಳೆಯವು, ನಡುವೆ ಕೂದಲೆಳೆಯಂಥ ತೂತು. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಲ್ಲೇ ಬಿಚ್ಚಿ. ಆ ತೂತಿಗೆ ಸೂಜಿ, ಪಿನ್ನು, ತಂತಿ ಯಾವುದನ್ನೂ ಹಾಕಬೇಡಿ. ಅನುಭವಸ್ಥ ಮೆಕ್ಯಾನಿಕ್‌ಗಳೇ ಹಾಕುವುದನ್ನು ಕಂಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಹಿತ್ತಾಳೆ ಮೆದು. ತೂತು ಒಂಚೂರು ದೊಡ್ಡದಾದರೂ ಕಾರು ಜಾಸ್ತಿ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆ. ಆಮೇಲೆ "ಹಳೇ ಗಾಡಿ, ಮೈಲೇಜ್ ಎಲ್ಲಿ ಬರುತ್ತೆ" ಅಂತ ಗಾಡಿಯನ್ನೇ ಬೈಯುತ್ತಾರೆ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿಸಿ, ಬೆಳಕಿಗೆ ಹಿಡಿಯಿರಿ. ತೂತು ಚೊಕ್ಕ ದುಂಡಗೆ ಕಾಣಬೇಕು. ಕಾಣದಿದ್ದರೆ ಮತ್ತೆ ನೆನೆಸಿ. ನಾನು ಒಂದು ಜೆಟ್ಟನ್ನು ಮೂರು ಸಲ ನೆನೆಸಿದ್ದೇನೆ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಸೋರಿದೆ ಅಂತ ಅರ್ಥ. ಬಟ್ಟಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿನ ತುದಿಯ ಮೇಲೆ ಉಗುರು ಆಡಿಸಿ, ಗೀರು ಸಿಕ್ಕರೆ ಅದೂ ಹೋಯಿತು. ಹೇಗೂ ರಿಪೇರಿ ಕಿಟ್ ತರುತ್ತೀರಿ ಅಲ್ವಾ, ಅದರಲ್ಲಿರುವ ಹೊಸ ಗ್ಯಾಸ್ಕೆಟ್ಟನ್ನು (ಸೋರದಂತೆ ನಡುವೆ ಕೂರಿಸುವ ಹಾಳೆ) ಹಳೆಯದರ ಮೇಲೆ ಇಟ್ಟು ಒಂದೊಂದು ತೂತೂ ಹೊಂದುತ್ತದೆಯೇ ನೋಡಿ. ಅಗ್ಗದ ಕಿಟ್‌ಗಳಲ್ಲಿ ಒಂದು ತೂತು ಕಾಣೆಯಾಗಿರುತ್ತದೆ. ಅದೊಂದರಿಂದ ಎರಡು ದಿನ ತಲೆ ಕೆಡಿಸಿಕೊಂಡವರು ನನಗೆ ಗೊತ್ತು.

ಈಗ ಸ್ಟಾರ್ಟ್

ಬ್ಯಾಟರಿ ಕೂರಿಸಿ. ಪ್ಲಗ್ ಇನ್ನೂ ಹಾಕಬೇಡಿ, ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ತೆಗೆದು ಲೋಹಕ್ಕೆ ತಾಗಿಸಿಡಿ. ತೂತುಗಳ ಮೇಲೆ ಬಟ್ಟೆ ಹಾಸಿ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ನಿಲ್ಲಿಸಿ, ಮತ್ತೆ ಹತ್ತು ಸೆಕೆಂಡ್. ಆಯಿಲ್ ದೀಪ ಆರುವವರೆಗೆ ಹೀಗೇ ಮಾಡಿ. ಆಮೇಲೆ ಪ್ಲಗ್ ಹಾಕಿ, ವೈರ್ ಸೇರಿಸಿ, ಚೋಕ್ ಎಳೆದು ಸ್ಟಾರ್ಟ್ ಮಾಡಿ. ಬೇಗ ಆಗಲಿ ಅಂತ ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿಯಬೇಡಿ. ಬ್ಯಾಕ್‌ಫೈರ್ ಆದರೆ ಬೆಂಕಿ ಮುಖಕ್ಕೇ ಬರುತ್ತದೆ.

ಮೊದಲು ಹೊಗೆ ಜೋರಾಗಿರುತ್ತದೆ. ನಾವೇ ಹಾಕಿದ ಆಯಿಲ್ ಅದು, ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವವರೆಗೆ ಪಕ್ಕದಲ್ಲೇ ನಿಂತು ಟೆಂಪರೇಚರ್ ಮುಳ್ಳು ನೋಡುತ್ತಿರಿ.

ಓಡುವ ಮುಂಚೆ ನಿಲ್ಲುವುದು

ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಒಳಗೆ ಲೈನಿಂಗ್ ಕಚ್ಚಿಕೊಂಡಿರುತ್ತದೆ. ಇಂಜಿನ್ ಬಲದಿಂದ ಎಳೆಯಬೇಡಿ, ಡ್ರಮ್ ಬಿಚ್ಚಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 0814 ಅಂದರೆ 2014ರ ಎಂಟನೇ ವಾರದಲ್ಲಿ ತಯಾರಾದದ್ದು. ಅಂಥ ಟೈರ್ ಸವೆಯದೆ ಎಷ್ಟೇ ಚೆನ್ನಾಗಿ ಕಾಣಲಿ, ತೆಗೆದು ಹಾಕಿ.

ಆರ್‌ಸಿಗೆ 15 ವರ್ಷ ಮುಗಿದಿದ್ದರೆ ರಸ್ತೆಗಿಳಿಸುವ ಮುಂಚೆ ಆರ್‌ಟಿಒದಲ್ಲಿ ನವೀಕರಿಸಿ. ಫಾರ್ಮ್ 25ರ ಅರ್ಜಿ. ಒಮ್ಮೆ ನವೀಕರಿಸಿದರೆ ಐದು ವರ್ಷ ನಡೆಯುತ್ತದೆ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಬೇಕೇ ಬೇಕು.

ಐದುನೂರು ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ಆಯಿಲ್ ಮತ್ತೆ ಬದಲಿಸಿ, ಪೆಟ್ರೋಲ್ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಪುಡಿ ಇನ್ನೂ ಬರುತ್ತಿದ್ದರೆ ಟ್ಯಾಂಕ್ ಸರಿಯಾಗಿ ತೊಳೆದಿಲ್ಲ. ಸುಮ್ನೆ ಫಿಲ್ಟರ್ ಬದಲಿಸುತ್ತಾ ಕೂರಬೇಡಿ, ಟ್ಯಾಂಕನ್ನು ಇನ್ನೊಮ್ಮೆ ಇಳಿಸಿ.