ಬಾಡಿಗೆ ಕರಾರು ಮುಗಿಸುವುದು ಹೇಗೆ?

ಮಾಲೀಕರು ಎದುರಿಗೆ ಸಿಕ್ಕಾಗ "ಮುಂದಿನ ತಿಂಗಳು ಖಾಲಿ ಮಾಡ್ತೀವಿ" ಎಂದು ಹೇಳಿ, ಕೆಲಸ ಮುಗಿಯಿತು ಅಂದುಕೊಳ್ಳುವವರು ತುಂಬಾ ಜನ. ಅಡ್ವಾನ್ಸ್ ವಾಪಸ್ ಕೊಡುವಾಗ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೆ ಆಗ ಜಗಳ ಶುರು. ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

1. ಕರಾರು ಪತ್ರ ತೆಗೆದು ಓದಿ. ನೋಟಿಸ್ ಅವಧಿ ಎಷ್ಟು, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು) ಇದೆಯಾ, ಅವಧಿ ಮುಗಿದರೆ ತಾನಾಗಿಯೇ ಮುಂದುವರಿಯುತ್ತದೆಯಾ, ನೋಟಿಸ್ ಯಾರಿಗೆ, ಯಾವ ರೀತಿ ಕೊಡಬೇಕು ಎಂಬುದನ್ನು ಗುರುತು ಹಾಕಿಕೊಳ್ಳಿ.

2. ನೋಟಿಸ್ ಬರೆಯಿರಿ. ಎಡವುವುದು ಹೆಚ್ಚಾಗಿ ಇಲ್ಲೇ. ಎರಡು ತಿಂಗಳ ನೋಟಿಸ್ ಇದೆ, ಜೂನ್ 30ಕ್ಕೆ ಬಿಡಬೇಕು ಅನ್ನಿ. ಏಪ್ರಿಲ್ 30ಕ್ಕೆ ಅಂಚೆಗೆ ಹಾಕಿದರೆ ಸಾಕು ಅನಿಸುತ್ತದೆ, ಅಲ್ವಾ? ಆದರೆ ಎಷ್ಟೋ ಕರಾರುಗಳಲ್ಲಿ ಲೆಕ್ಕ ಶುರುವಾಗುವುದು ಪತ್ರ ಕೈಸೇರಿದ ದಿನದಿಂದ. ಮೇ 4ಕ್ಕೆ ತಲುಪಿದರೆ ಜೂನ್ 30 ಕೈತಪ್ಪಿತು. ಬಾಡಿಗೆ ತಿಂಗಳ ಕೊನೆಗೇ ಬಿಡಬೇಕು ಎಂಬ ಷರತ್ತೂ ಇದ್ದರೆ ಜುಲೈ ಪೂರ್ತಿ ಬಾಡಿಗೆ ಕಟ್ಟಬೇಕಾದೀತು. ಹತ್ತು ದಿನ ಮೊದಲೇ ಕೊಟ್ಟುಬಿಡಿ.

ಪತ್ರದಲ್ಲಿ ಮನೆಯ ವಿಳಾಸ, ಕರಾರಿನ ತಾರೀಖು, ಖಾಲಿ ಮಾಡುವ ತಾರೀಖು, ಅಡ್ವಾನ್ಸ್ ಮೊತ್ತ, ಅದು ಬರಬೇಕಾದ ಬ್ಯಾಂಕ್ ಖಾತೆ ಇಷ್ಟಿರಲಿ. "ಜೂನ್ ಕೊನೆಗೆ" ಎಂದು ಬರೆಯಬೇಡಿ, ತಾರೀಖನ್ನೇ ಬರೆಯಿರಿ. ಕರಾರಿಗೆ ಇಬ್ಬರು ಸಹಿ ಹಾಕಿದ್ದರೆ ಇಲ್ಲೂ ಇಬ್ಬರೂ ಸಹಿ ಹಾಕಿ. ನಲ್ಲಿ ಸೋರುತ್ತಿತ್ತು ಎಂಬಂಥ ದೂರುಗಳಿಗೆ ಇದು ಜಾಗವಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ನಮೂನೆಗಳನ್ನು ನಂಬಬೇಡಿ. ಬೇರೆ ಯಾವುದೋ ಊರಿನ ಕಾನೂನಿನ ಸಾಲುಗಳು ಅದರಲ್ಲಿ ಉಳಿದಿರುತ್ತವೆ. ಸರಳ ಮಾತಿನ ಅರ್ಧ ಪುಟವೇ ಒಳ್ಳೆಯದು.

ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಅವರ ಸಹಿ, ತಾರೀಖು ಹಾಕಿಸಿಕೊಳ್ಳಿ. ಅಂಚೆಯಾದರೆ ತಲುಪಿದ್ದಕ್ಕೆ ಸ್ವೀಕೃತಿ ಬರುವಂತೆ ಕಳಿಸಿ. ವಾಟ್ಸ್‌ಆ್ಯಪ್ ಸಂದೇಶ ಜೊತೆಗಿರಲಿ, ಅದೊಂದನ್ನೇ ನೆಚ್ಚಬೇಡಿ.

ಅವಧಿಗೆ ಮುಂಚೆಯೇ ಬಿಡಲು ಮಾಲೀಕರು ಒಪ್ಪಿದರೆ ಬಹಳ ಸಂತೋಷ. ಆ ಒಪ್ಪಿಗೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ.

3. ಕೊನೆಯ ತಿಂಗಳ ಬಾಡಿಗೆ ಕಟ್ಟಿ. "ಅಡ್ವಾನ್ಸಲ್ಲಿ ಮುರಿದುಕೊಳ್ಳಿ" ಎಂದು ಸುಮ್ನೆ ನಿಲ್ಲಿಸಿಬಿಟ್ಟರೆ ಬಾಕಿದಾರರಾಗುವುದು ನೀವೇ. ಮಾಲೀಕರು ಬರೆದುಕೊಟ್ಟರೆ ಮಾತ್ರ ಹಾಗೆ ಮಾಡಿ.

4. ಮನೆ ಸ್ವಚ್ಛ ಮಾಡಿ. ಮಾರ್ಬಲ್ ನೆಲಕ್ಕೆ ಆ್ಯಸಿಡ್ ಮಾತ್ರ ಬೇಡವೇ ಬೇಡ. ಕಲ್ಲಿನ ಹೊಳಪು ತಿಂದುಹಾಕುತ್ತದೆ, ಆಮೇಲೆ ಪಾಲಿಶ್ ಖರ್ಚು ನಿಮ್ಮ ತಲೆಗೆ. ಮೊಳೆ ತೂತಿಗೆ ಟೂತ್‌ಪೇಸ್ಟ್ ತುಂಬುವ ಉಪಾಯವೂ ಬೇಡ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಒಂದಿಷ್ಟು ಪುಟ್ಟಿ ತನ್ನಿ.

5. ಸಾಮಾನೆಲ್ಲ ಹೋದ ಮೇಲೆ, ಹಗಲು ಬೆಳಕಿನಲ್ಲಿ, ಮಾಲೀಕರ ಜೊತೆ ಪ್ರತಿ ಕೋಣೆ ನೋಡಿ. ಫೋಟೊ, ವಿಡಿಯೊ ತೆಗೆಯಿರಿ. ವರ್ಷಗಳ ವಾಸದಿಂದ ಮಾಸಿದ ಬಣ್ಣ ಸಹಜ ಸವೆತ. ಒಡೆದ ವಾಶ್‌ಬೇಸಿನ್ ಹಾನಿ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸವೆತಕ್ಕೆ ಹಣ ಹಿಡಿಯುತ್ತೇನೆ ಅಂದರೆ ಒಪ್ಪಬೇಡಿ. ಹಾನಿಯಾಗಿದ್ದರೆ ರಿಪೇರಿ ಬಿಲ್ ಕೇಳಿ.

6. ಮೀಟರ್ ರೀಡಿಂಗ್ ಬರೆದುಕೊಂಡು, ಎಲ್ಲ ಕೀಗಳನ್ನೂ ಎಣಿಸಿ ಕೊಡಿ. ಕೀ ಎಷ್ಟು, ಮನೆ ಒಪ್ಪಿಸಿದ ತಾರೀಖು ಯಾವುದು, ಅಡ್ವಾನ್ಸಲ್ಲಿ ಕಡಿತವೆಷ್ಟು, ಉಳಿದದ್ದು ಯಾವ ದಿನ ಬರುತ್ತದೆ ಎಂದು ಬರೆದು ಇಬ್ಬರೂ ಸಹಿ ಮಾಡಿ. ಆ ಹಾಳೆಯನ್ನೂ ನೋಟಿಸ್ ಪ್ರತಿಯನ್ನೂ ಕೊನೆಯ ರೂಪಾಯಿ ಖಾತೆಗೆ ಬರುವವರೆಗೆ ಜೋಪಾನ ಮಾಡಿ.