ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಫ್ಲೈಟ್ ಎಷ್ಟೊತ್ತು? ನೀವೇ ಲೆಕ್ಕ ಹಾಕ್ಕೊಳ್ಳಿ

ಟಿಕೆಟ್‌ನಲ್ಲಿ ಲಿಸ್ಬನ್ ಬಿಡೋದು 10 ಗಂಟೆಗೆ, ಮ್ಯಾಡ್ರಿಡ್ ಸೇರೋದು 12.20ಕ್ಕೆ ಅಂತ ಇರುತ್ತೆ ಅನ್ಕೊಳ್ಳಿ. ವಾಪಸ್ ಟಿಕೆಟ್ ನೋಡಿದ್ರೆ 10ಕ್ಕೆ ಬಿಟ್ಟು 10.20ಕ್ಕೇ ಇಳಿದುಬಿಡುತ್ತೆ! ಹೋಗೋಕೆ 2 ಗಂಟೆ 20 ನಿಮಿಷ, ಬರೋಕೆ 20 ನಿಮಿಷನಾ ಅಂತ ತುಂಬ ಜನ ಗಾಬರಿ ಆಗ್ತಾರೆ, ಆದ್ರೆ ನಿಜವಾಗಿ ಎರಡೂ ಕಡೆ 1 ಗಂಟೆ 20 ನಿಮಿಷದ ಹಾಗೇನೆ. ಟಿಕೆಟ್‌ನಲ್ಲಿ ಯಾವಾಗ್ಲೂ ಆಯಾ ಊರಿನ ಟೈಮೇ ಹಾಕಿರ್ತಾರೆ, ಮ್ಯಾಡ್ರಿಡ್ ಗಡಿಯಾರ ಲಿಸ್ಬನ್‌ಗಿಂತ 1 ಗಂಟೆ ಮುಂದೆ ಇರುತ್ತೆ, ಅಷ್ಟೇ. ಮಾರ್ಚ್ ಮತ್ತೆ ಅಕ್ಟೋಬರ್ ಕೊನೇ ಭಾನುವಾರ ಎರಡೂ ದೇಶದವ್ರು ಒಟ್ಟಿಗೇ ಗಡಿಯಾರ ಬದಲಾಯಿಸೋದ್ರಿಂದ ಈ ವ್ಯತ್ಯಾಸ ವರ್ಷಪೂರ್ತಿ ಹಾಗೇ ಇರುತ್ತೆ.

ಈಗ ದೂರದ ವಿಷ್ಯ. ರೋಡ್ ಮ್ಯಾಪ್ ತೋರಿಸೋ ಕಿಲೋಮೀಟರ್ ಹಿಡ್ಕೊಂಡು ಫ್ಲೈಟ್ ಟೈಮ್ ಲೆಕ್ಕ ಹಾಕ್ಬೇಡಿ, ಕಾರಲ್ಲಿ ಹೋದ್ರೆ 600 ಕಿ.ಮೀ. ದಾಟುತ್ತೆ, ನೇರ ಗೆರೆ ಎಳೆದ್ರೆ ಸುಮಾರು 500 ಅಷ್ಟೇ. ಕಂಪ್ಯೂಟರ್‌ನಲ್ಲಿ ಗೂಗಲ್ ಮ್ಯಾಪ್ ತೆರೆದು ಒಂದು ಊರಿನ ಮೇಲೆ ರೈಟ್ ಕ್ಲಿಕ್ ಮಾಡಿ ದೂರ ಅಳೆಯೋ ಆಪ್ಷನ್ ತಗೊಂಡು ಇನ್ನೊಂದು ಊರಿನ ಮೇಲೆ ಕ್ಲಿಕ್ ಮಾಡಿ, ನೇರ ದೂರ ಬರುತ್ತೆ. ಅದನ್ನ 800ರಿಂದ ಭಾಗಿಸಿ, ಯಾಕಂದ್ರೆ ಜೆಟ್ ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ ಹೆಚ್ಚುಕಮ್ಮಿ 800-850 ಕಿ.ಮೀ. ಹೋಗುತ್ತೆ. 500ಕ್ಕೆ 38 ನಿಮಿಷ ಬರುತ್ತೆ. ಇದಕ್ಕೆ ಇನ್ನೊಂದು 35-40 ನಿಮಿಷ ಸೇರಿಸಲೇಬೇಕು, ರನ್‌ವೇವರೆಗೆ ಉರುಳ್ಕೊಂಡು ಹೋಗೋದು, ಮೇಲೇರೋದು, ಇಳಿಯೋವಾಗ ನಿಧಾನ ಆಗೋದು ಎಲ್ಲಾ ಅದರಲ್ಲೇ ಬರುತ್ತೆ. ಹತ್ತಿರದ ಊರುಗಳಿಗೆ ಹಾರೋ ಟೈಮಿಗಿಂತ ಇದೇ ಜಾಸ್ತಿ ಆಗೋದೂ ಉಂಟು.

ದೂರ ಜಾಸ್ತಿ ಇದ್ರೆ ಗಾಳಿನೂ ಲೆಕ್ಕಕ್ಕೆ ತಗೊಳ್ಳಿ. ಯುರೋಪಿನ ಮೇಲೆ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಲಿಸ್ಬನ್‌ನಿಂದ ಹೆಲ್ಸಿಂಕಿ ಸುಮಾರು 3,360 ಕಿ.ಮೀ., ನಮ್ಮ ಲೆಕ್ಕದಲ್ಲಿ ಹತ್ತತ್ರ 4 ಮುಕ್ಕಾಲು ಗಂಟೆ, ಹೋಗೋವಾಗ ಗಾಳಿ ಹಿಂದಿಂದ ತಳ್ಳೋದ್ರಿಂದ ಕಡಿಮೆ ಆಗ್ಬಹುದು, ವಾಪಸ್ ಬರೋವಾಗ ಎದುರುಗಾಳಿಗೆ ಜಾಸ್ತಿ ಹಿಡಿಯುತ್ತೆ.

ಕೊನೇದಾಗಿ ಏರ್‌ಪೋರ್ಟ್ ಎಲ್ಲಿದೆ ಅಂತ ನೋಡ್ದೆ ಟಿಕೆಟ್ ಬುಕ್ ಮಾಡ್ಲೇಬೇಡಿ. ಲಿಸ್ಬನ್ ಏರ್‌ಪೋರ್ಟ್ ಊರೊಳಗೇ ಇದೆ, ಮೆಟ್ರೋ ಇದೆ, ಮ್ಯಾಡ್ರಿಡ್‌ನ ಬರಾಹಸ್ ಏರ್‌ಪೋರ್ಟ್‌ಗೂ 8ನೇ ಲೈನ್ ಮೆಟ್ರೋ ಬರುತ್ತೆ, ಹಾಗಾಗಿ ಆರಾಮ. ಆದ್ರೆ ಪ್ಯಾರಿಸ್ ಅಂತ ಹೆಸರಲ್ಲಿರೋ ಬೋವೆ ಏರ್‌ಪೋರ್ಟ್ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ದೂರ! ಲಂಡನ್-ಪ್ಯಾರಿಸ್‌ಗಂತೂ ನಾನು ರೈಲೇ ಅಂತೀನಿ, ಯೂರೋಸ್ಟಾರ್‌ನಲ್ಲಿ 2 ಗಂಟೆ 20 ನಿಮಿಷದ ಹಾಗೆ, ಹತ್ತೋದೂ ಊರ ಮಧ್ಯೆ, ಇಳಿಯೋದೂ ಊರ ಮಧ್ಯೆನೇ.